ಸಮೀಕರಣ ಬಿಡಿಸಿದರೆ ಉತ್ತರ ಒಂದು ಜಾಸ್ತಿ, ಇಲ್ಲ ಒಂದು ಕಮ್ಮಿ. ನೀವೆಲ್ಲ ಹೇಗೆ ಕಲಿತಿರಿ?

ಫಸ್ಟ್ ಪಿಯುಸಿ ಸೈನ್ಸ್ ಓದುತ್ತಿದ್ದೇನೆ. ಘಾತದ ಸಮೀಕರಣ, ತ್ರಿಕೋನಮಿತಿ ಸಮೀಕರಣ ಎರಡೂ ಕಾಡುತ್ತಿವೆ. ಸೂತ್ರ ಎಲ್ಲ ಬಾಯಿಪಾಠ. ಆದರೂ ಲೆಕ್ಕ ನೋಡಿದಾಗ ಎಲ್ಲಿ ಕೈ ಹಾಕಬೇಕು ಅಂತ ಹೊಳೆಯುವುದಿಲ್ಲ. ಹೇಗೋ ಬಿಡಿಸಿದರೂ ಪುಸ್ತಕದ ಹಿಂದಿರುವ ಉತ್ತರಕ್ಕೆ ತಾಳೆಯಾಗುವುದಿಲ್ಲ. ನಿಮ್ಮ ಅನುಭವ ಹೇಳಿ.

ಪಿಯು ಉಪನ್ಯಾಸಕಿ

ಲೆಕ್ಕ ಶುರು ಮಾಡುವ ಮೊದಲು ಸುಮ್ನೆ ಒಂದು ಸಲ ನೋಡಿ. ಮತ್ತೆ ಮತ್ತೆ ಬರುತ್ತಿರುವುದು ಯಾವುದು? 4^ಎಕ್ಸ್ − 6·2^ಎಕ್ಸ್ + 8 = 0 ತಗೊಳ್ಳಿ (^ ಗುರುತು ಅಂದರೆ ಘಾತ). 4^ಎಕ್ಸ್ ಅಂದರೆ 2^ಎಕ್ಸ್‌ನ ವರ್ಗ, ಅಲ್ವಾ? 2^ಎಕ್ಸ್ ಅನ್ನು ಟಿ ಅಂತ ಕರೆಯಿರಿ. ಟಿ² − 6ಟಿ + 8 = 0 ಆಯಿತು. ನೀವು ಹತ್ತನೇ ಕ್ಲಾಸಿನಲ್ಲಿ ಮಾಡಿದ ವರ್ಗ ಸಮೀಕರಣವೇ ಇದು. ಟಿ 2 ಅಥವಾ 4, ಹಾಗಾಗಿ ಎಕ್ಸ್ 1 ಅಥವಾ 2.

ತ್ರಿಕೋನಮಿತಿಯಲ್ಲೂ ಇದೇ ಆಟ. 2 ಕಾಸ್²ಎಕ್ಸ್ + 5 ಸೈನ್ ಎಕ್ಸ್ − 4 = 0 ಇದೆ ಅಂದುಕೊಳ್ಳಿ. ಕಾಸ್² ಜಾಗದಲ್ಲಿ 1 − ಸೈನ್² ಹಾಕಿದರೆ ಬರೀ ಸೈನ್ ಉಳಿಯುತ್ತದೆ. ಅದನ್ನು ಟಿ ಅಂದರೆ 2ಟಿ² − 5ಟಿ + 2 = 0. ಟಿ ಅರ್ಧ ಅಥವಾ 2.

ಜಾಸ್ತಿ ಉತ್ತರ ಹುಟ್ಟುವುದು ಇಲ್ಲೇ. ಸೈನ್ ಯಾವತ್ತೂ −1ರಿಂದ 1ರ ಒಳಗೇ ಇರುತ್ತದೆ, 2 ಆಗಲು ಸಾಧ್ಯವಿಲ್ಲ. ಅರ್ಧ ಮಾತ್ರ ಉಳಿಯಿತು: 0°ಯಿಂದ 360°ರ ಒಳಗೆ ನೋಡಿದರೆ 30° ಮತ್ತು 150°. ಹಾಗೆಯೇ 9^ಎಕ್ಸ್ − 2·3^ಎಕ್ಸ್ − 3 = 0 ಬಿಡಿಸಿದರೆ ಟಿ 3 ಅಥವಾ −1. 3ಕ್ಕೆ ಯಾವ ಘಾತ ಕೊಟ್ಟರೂ ಋಣ ಸಂಖ್ಯೆ ಬರುವುದಿಲ್ಲ, ಆದ್ದರಿಂದ −1 ಹೋಯಿತು. ನನ್ನ ಮಕ್ಕಳಿಗೆ ನಾನು ಹೇಳುವುದು ಇಷ್ಟು: ಟಿ ಅಂತ ಬರೆದ ತಕ್ಷಣ ಅದರ ಮಿತಿಯನ್ನೂ ಪಕ್ಕದಲ್ಲೇ ಬರೆಯಿರಿ. ಕೊನೆಯಲ್ಲಿ ನೋಡೋಣ ಅಂತ ಬಿಟ್ಟರೆ ಮರೆಯುತ್ತದೆ. ಯಾಕೆ ಬಿಟ್ಟಿರಿ ಅನ್ನುವ ಕಾರಣವನ್ನೂ ಒಂದು ಸಾಲು ಬರೆಯಿರಿ.

ಎಂಜಿನಿಯರಿಂಗ್ ಮೂರನೇ ವರ್ಷ

ಮೇಡಂ ಜಾಸ್ತಿ ಉತ್ತರದ ಬಗ್ಗೆ ಹೇಳಿದರು, ಕಮ್ಮಿ ಆಗುವುದರ ಬಗ್ಗೆ ನಾನು ಹೇಳ್ತೀನಿ. ಸೈನ್ 2ಎಕ್ಸ್ = ಕಾಸ್ ಎಕ್ಸ್. ಎಡಗಡೆ 2 ಸೈನ್ ಎಕ್ಸ್ ಕಾಸ್ ಎಕ್ಸ್ ಆಗುತ್ತದೆ. ಎರಡೂ ಕಡೆ ಕಾಸ್ ಇದೆ ಅಂತ ಹೊಡೆದು ಹಾಕಿದರೆ ಸೈನ್ ಎಕ್ಸ್ = ಅರ್ಧ, 30° ಮತ್ತು 150° ಅಂತ ಖುಷಿಯಾಗಿ ಬರೆದು ಬಿಡ್ತೀರಿ. ಆದರೆ ಕಾಸ್ ಸೊನ್ನೆಯಾಗಿದ್ದರೆ? 90° ಮತ್ತು 270° ಎರಡೂ ಸಮೀಕರಣಕ್ಕೆ ಹೊಂದುತ್ತವೆ. ಹೊಡೆದು ಹಾಕಬೇಡಿ, ಎಲ್ಲವನ್ನೂ ಒಂದೇ ಕಡೆ ತಂದು ಅಪವರ್ತಿಸಿ.

ಇನ್ನೊಂದು ತಾಪತ್ರಯ ವರ್ಗ ಮಾಡುವುದು. ಸೈನ್ ಎಕ್ಸ್ + ಕಾಸ್ ಎಕ್ಸ್ = 1 ಅನ್ನು ವರ್ಗ ಮಾಡಿದರೆ ಸೈನ್ 2ಎಕ್ಸ್ = 0. ಉತ್ತರ 0°, 90°, 180°, 270°. ವಾಪಸ್ ಹಾಕಿ ನೋಡಿ, 180° ಮತ್ತು 270°ಗೆ ಮೊತ್ತ −1 ಬರುತ್ತದೆ. ಹಾಗಾಗಿ ವರ್ಗ ಮಾಡಿದ ಲೆಕ್ಕದಲ್ಲಿ ತಾಳೆ ನೋಡಲೇಬೇಕು, ಬೇರೆ ದಾರಿಯಿಲ್ಲ.

ಟ್ಯೂಷನ್ ಹೇಳುವವ

ಘಾತ ಕಂಡ ಕೂಡಲೇ ಲಾಗ್ (ಘಾತ ಎಷ್ಟು ಅಂತ ತಿಳಿಸುವ ಲಾಗರಿದಮ್) ಹಾಕುವ ಚಟ ಬಿಡಿ. 3^ಎಕ್ಸ್ = 5 ಇದ್ದರೆ ಸರಿ, ಲಾಗ್ 5ನ್ನು ಲಾಗ್ 3ರಿಂದ ಭಾಗಿಸಿದರೆ ಸುಮಾರು 1.465. ಆದರೆ 2^ಎಕ್ಸ್ + 3^ಎಕ್ಸ್ = 5ಕ್ಕೆ ಲಾಗ್ ಹಾಕಿ ಏನೂ ಸಿಗುವುದಿಲ್ಲ. ಕೂಡುವ ಗುರುತಿನ ಒಳಗೆ ಲಾಗ್ ಹೋಗುವುದಿಲ್ಲ. ಎಕ್ಸ್ = 1 ಅಂತ ಕಣ್ಣಿಗೇ ಕಾಣುತ್ತದೆ. ಎಕ್ಸ್ ಹೆಚ್ಚಾದಂತೆ ಎಡಗಡೆಯ ಬೆಲೆ ಏರುತ್ತಲೇ ಹೋಗುವುದರಿಂದ ಬೇರೆ ಉತ್ತರವೂ ಇಲ್ಲ. ಈ ಕೊನೆಯ ಮಾತು ಬರೆಯದಿದ್ದರೆ ಅದು ಬರೀ ಊಹೆ.

ಇಂಗ್ಲೆಂಡಿನಿಂದ ಒಬ್ಬ ಅಪ್ಪ

ಮಗಳು ಎ ಲೆವೆಲ್ (ನಮ್ಮ ಪಿಯುಸಿ ಇದ್ದ ಹಾಗೆ) ಓದುತ್ತಿದ್ದಾಳೆ. ಇಲ್ಲಿ ಪರೀಕ್ಷೆಗೆ ಕ್ಯಾಲ್ಕುಲೇಟರ್ ಒಯ್ಯಬಹುದು, ಆದರೂ ತೊಂದರೆ ನಿಮ್ಮದೇ. ಸೈನ್ 2ಎಕ್ಸ್ = ಅರ್ಧ, 0°ಯಿಂದ 360°ವರೆಗೆ ಬಿಡಿಸಿ ಅಂದರೆ ಕ್ಯಾಲ್ಕುಲೇಟರ್ 2ಎಕ್ಸ್‌ಗೆ 30° ಒಂದನ್ನೇ ತೋರಿಸುತ್ತದೆ. ಎಕ್ಸ್ 360°ವರೆಗೆ ಅಂದರೆ 2ಎಕ್ಸ್ 720°ವರೆಗೆ. ಮೊದಲು ಈ ಮಿತಿ ಹಿಗ್ಗಿಸಿ, ಆಮೇಲೆ 30°, 150°, 390°, 510° ಬರೆದು ಎರಡರಿಂದ ಭಾಗಿಸಿ. 15°, 75°, 195°, 255°, ನಾಲ್ಕು ಉತ್ತರ. ‘ಆಲ್ ಸಿಲ್ವರ್ ಟೀ ಕಪ್ಸ್’ ಅಂತ ನಾವು ಕಲಿತಿದ್ದೆವಲ್ಲ, ನಾಲ್ಕು ಚತುರ್ಥಕಗಳ ಚಿಹ್ನೆಗೆ (ಮೊದಲನೆಯದರಲ್ಲಿ ಎಲ್ಲವೂ ಧನ, ಆಮೇಲೆ ಕ್ರಮವಾಗಿ ಸೈನ್, ಟ್ಯಾನ್, ಕಾಸ್ ಮಾತ್ರ)? ಅದು ಸರಿಯೇ. ಆದರೆ ಸೈನ್ ಅಲೆಯನ್ನು ಒರಟಾಗಿ ಗೀಚಿ ಅರ್ಧದ ಎತ್ತರದಲ್ಲಿ ಒಂದು ಅಡ್ಡಗೆರೆ ಎಳೆದರೆ ಎಷ್ಟು ಕಡೆ ಮುಟ್ಟುತ್ತದೆ ಅಂತ ಎಣಿಸಬಹುದು. ನನಗೆ ಅದೇ ಹೆಚ್ಚು ನಂಬಿಕೆ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಥ್ಯಾಂಕ್ಸ್. ಎರಡೂ ಬೆರೆತ ಒಂದು ಲೆಕ್ಕ ಮಾಡಿದೆ, ಸರಿಯಾ ನೋಡಿ. 2^(ಸೈನ್²ಎಕ್ಸ್) + 2^(ಕಾಸ್²ಎಕ್ಸ್) = 3. ಮೊದಲನೆಯದನ್ನು ಟಿ ಅಂದುಕೊಂಡೆ. ಸೈನ್² 0ಯಿಂದ 1ರ ಒಳಗೆ, ಹಾಗಾಗಿ ಟಿ 1ರಿಂದ 2ರ ಒಳಗೆ. ಕಾಸ್² ಅಂದರೆ 1 − ಸೈನ್², ಹಾಗಾಗಿ ಎರಡನೆಯದು 2/ಟಿ. ಟಿ² − 3ಟಿ + 2 = 0, ಟಿ 1 ಅಥವಾ 2. ಎರಡೂ ಮಿತಿಯೊಳಗಿವೆ. ಸೈನ್² ಸೊನ್ನೆ ಅಥವಾ 1. ಅಂದರೆ 0°, 90°, 180°, 270°.

ಪಿಯು ಉಪನ್ಯಾಸಕಿ

ಸರಿಯಾಗಿದೆ ಪುಟ್ಟಿ. ಆದರೆ 360°ವರೆಗೆ ಅಂತ ಲೆಕ್ಕದಲ್ಲಿ ಹೇಳಿಲ್ಲ. ಹಾಗಾಗಿ ಜನರಲ್ ಸೊಲ್ಯೂಷನ್, ಅಂದರೆ ಎಲ್ಲ ಉತ್ತರಗಳೂ ಸೇರುವ ರೂಪ ಕೊಡಬೇಕು: ಎಕ್ಸ್ = ಎನ್ × 90°. ಎನ್ ಪೂರ್ಣಾಂಕ ಅಂತ ಪಕ್ಕದಲ್ಲಿ ಬರೆಯಲು ಮರೆಯಬೇಡ.