ತೂಕಕ್ಕೆ ತಂದ ಕೊಡದ ಮೇಲೆ ಯಾರದೋ ಹೆಸರಿದೆ, ಅಳಿಸೋದಾ ಬಿಡೋದಾ?

ಕೆಲಗೇರಿ ದಂಡೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಾವಿಬ್ಬರೂ ಧಾರವಾಡದವರು. ಮದುವೆಯಾಗಿ ಹನ್ನೊಂದು ವರ್ಷ. ನಾಲ್ಕು ವರ್ಷದಿಂದ ಪ್ರತಿ ಭಾನುವಾರ ನಾಷ್ಟಾ ಮುಗಿಸಿ ಹಳೆ ಸಾಮಾನು ಹುಡುಕಲು ಹೊರಡುತ್ತೇವೆ. ಹುಬ್ಬಳ್ಳಿಗಾದರೆ ಚಿಗರಿ ಬಸ್ಸು, ಗದಗಿಗಾದರೆ ರೈಲು, ಊರೊಳಗೇ ಆದರೆ ಸ್ಕೂಟರ್. ಮೋಡಕಾ ಅಂಗಡಿ (ಅಂದರೆ ಗುಜರಿ), ರದ್ದಿ ಅಂಗಡಿ, ಹಳೆ ಮನೆ ಕೆಡವುವ ಜಾಗ, ಯಾವುದನ್ನೂ ಬಿಡುವುದಿಲ್ಲ. ಬೇರೆ ಜೋಡಿಗಳು ಸಿನಿಮಾಕ್ಕೆ ಹೋಗುತ್ತಾರೆ, ನಾವು ತುಕ್ಕು ಹಿಡಿದ ರಾಶಿ ಮುಂದೆ ಕುಕ್ಕರಗಾಲಲ್ಲಿ ಕೂರುತ್ತೇವೆ. ಅತ್ತೆಯವರಿಗೆ ಇದು ಇನ್ನೂ ಅರ್ಥವಾಗಿಲ್ಲ. "ಮಂದಿ ಮನಿಯಿಂದ ಹೊರಗ ಹಾಕಿದ್ದನ್ನ ನೀವು ರೊಕ್ಕಾ ಕೊಟ್ಟು ಒಳಗ ತರ್ತೀರಿ" ಅನ್ನುತ್ತಾರೆ.

ನಮ್ಮದೇ ಕಾಯ್ದೆ ಇದೆ. ವಾರಕ್ಕೆ ಒಂದೇ ವಸ್ತು, ಇಬ್ಬರೂ ಹೂಂ ಅನ್ನಬೇಕು. ಬೆಲೆ ಕೇಳಿದ ಮೇಲೆ ಕೊಳ್ಳದೆ ಎದ್ದು ಹೋಗಿ ಒಂದು ಚಹಾ ಕುಡಿಯಬೇಕು, ಚಹಾ ಮುಗಿದ ಮೇಲೂ ಬೇಕು ಅನ್ನಿಸಿದರೆ ಮಾತ್ರ ವಾಪಸ್. ಈ ಚಹಾ ಇಲ್ಲದಿದ್ದರೆ ನಮ್ಮ ಮನೆಯಲ್ಲಿ ಈಗ ನಾಲ್ಕು ಹೊಲಿಗೆ ಮಷಿನ್ ಇರುತ್ತಿದ್ದವು. ಇವರಿಗೆ ವಾಚು, ರೆಕಾರ್ಡು, ರೇಡಿಯೋ ಅಂದರೆ ಜೀವ. ನನಗೆ ಪಾತ್ರೆ ಮತ್ತು ಹಳೆ ಮಾಸಪತ್ರಿಕೆಗಳ ಬೈಂಡು. ಚಹಾ ಅಂಗಡಿಯಲ್ಲಿ ಜಗಳ ಆಗುತ್ತದೆ, ಆದರೆ ಅಷ್ಟೊತ್ತು ನಾವಿಬ್ಬರೂ ಫೋನ್ ಮುಟ್ಟದೆ ಮಾತಾಡುವುದು ವಾರದಲ್ಲಿ ಅದೊಂದೇ ದಿನ.

ಈಗ ವಿಷಯಕ್ಕೆ ಬರುತ್ತೇನೆ. ಮೂರು ವಾರದ ಹಿಂದೆ ಹಳೇ ಹುಬ್ಬಳ್ಳಿ ಕಡೆ ಒಂದು ಮೋಡಕಾ ಅಂಗಡಿಯಲ್ಲಿ ತಾಮ್ರದ ಕೊಡ ಸಿಕ್ಕಿತು. ಮೂರು ಕಿಲೋ ಇನ್ನೂರು ಗ್ರಾಂ. ತೂಕಕ್ಕೆ ಹಾಕಿ ಎರಡು ಸಾವಿರದ ನಾನೂರು ಕೊಟ್ಟೆವು. ಕಪ್ಪಗೆ, ಹಸಿರು ಕಿಲುಬು ಹಿಡಿದು ಕೂತಿತ್ತು. ಮನೆಗೆ ತಂದು ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕುತ್ತಿದ್ದಾಗ ಕುತ್ತಿಗೆಯ ಕೆಳಗೆ ಬೆರಳಿಗೆ ಏನೋ ಚುಚ್ಚಿದ ಹಾಗಾಯಿತು. ಚುಕ್ಕಿ ಚುಕ್ಕಿ. ಓದಲು ಬರಲಿಲ್ಲ. ಒರೆಸಿ ಒಣಗಿಸಿ, ದೇವರ ಮುಂದಿನ ವಿಭೂತಿ ತಂದು ಆ ಚುಕ್ಕಿಗಳ ಮೇಲೆ ಉಜ್ಜಿದೆ. ಅಕ್ಷರ ಬೆಳ್ಳಗೆ ಎದ್ದು ಬಂದವು. ಒಬ್ಬ ಹೆಣ್ಣುಮಗಳ ಹೆಸರು, ಕೆಳಗೆ "ತಂದೆಯಿಂದ", ಅದರ ಪಕ್ಕ ಕನ್ನಡ ಅಂಕಿಯಲ್ಲಿ 1962. ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಬರೆಯುವುದು ಸರಿ ಅಲ್ಲ ಅನ್ನಿಸಿತು. ಅಡ್ಡಹೆಸರು, ಊರು ಏನೂ ಇಲ್ಲ.

ನನಗೆ ಅದನ್ನು ಹಾಗೇ ಇಡಬೇಕು ಅಂತ. ಇವರಿಗೆ ಬೇಡ. "ಮಗಳಿಗೆ ಅಪ್ಪ ಕೊಟ್ಟ ಕೊಡ. ನಾವು ಮೋಡಕಾದಾಗ ತಂದು ಅದರ ನೀರು ಕುಡಿಯೂದು ನನಗ ಯಾಕೋ ಬರೋಬರಿ ಅನ್ನಿಸವಲ್ದು. ಬಫಿಂಗ್ ಮಾಡಿಸಿ ಅಳಿಸಿಬಿಡೋಣ, ಆಗ ಅದು ಬರೇ ಕೊಡ" ಅನ್ನುತ್ತಾರೆ. ಒರಟು ಮನುಷ್ಯ ಅಲ್ಲ ಇವರು, ನಿಜವಾಗಿಯೂ ಕಸಿವಿಸಿ ಪಟ್ಟುಕೊಂಡೇ ಹೇಳುತ್ತಿದ್ದಾರೆ. ಅದಕ್ಕೇ ನನಗೂ ಜೋರು ಮಾಡಲು ಆಗುತ್ತಿಲ್ಲ.

ಅಳಿಸಬಹುದಾ? ಅಳಿಸಿದರೆ ಕೊಡಕ್ಕೆ ಏನಾದರೂ ಆಗುತ್ತದಾ? ಆ ಮನೆಯವರನ್ನು ಹುಡುಕಬೇಕಾ? ನೀವಾದರೆ ಏನು ಮಾಡುತ್ತಿದ್ದಿರಿ? ಇನ್ನೊಂದು, ಕಳೆದ ತಿಂಗಳು ಇವರು ತಂದ ಎಚ್‌ಎಂಟಿ ಜನತಾ ವಾಚು ಎರಡೇ ದಿನ ಓಡಿ ನಿಂತಿದೆ, ಅದಕ್ಕೂ ಯಾರಾದರೂ ಹೇಳಿ.

ಕಂಚಗಾರ ಗಲ್ಲಿ:

ಅಕ್ಕಾರ, ಅಳಿಸಬೇಡಿ. ಸೆಂಟಿಮೆಂಟ್ ಮಾತು ಆಮೇಲೆ, ಮೊದಲು ಕೆಲಸದ ಮಾತು ಹೇಳುತ್ತೇನೆ. ನಮ್ಮದು ಪಾತ್ರೆ ವ್ಯಾಪಾರದ ಮನೆ, ಹುಡುಗನಾಗಿದ್ದಾಗ ಅಂಗಡಿಯಲ್ಲಿ ಕೂತು ಹೆಸರು ಹಾಕಿದವನು ನಾನು. ಚಿಕ್ಕ ಉಳಿ, ಚಿಕ್ಕ ಸುತ್ತಿಗೆ. ಒಂದೊಂದು ಅಕ್ಷರಕ್ಕೆ ಇಪ್ಪತ್ತು ಮೂವತ್ತು ಏಟು ಬೀಳುತ್ತವೆ, ಒತ್ತಕ್ಷರ ಬಂದರೆ ಇನ್ನೂ ಜಾಸ್ತಿ. ಉದ್ದ ಹೆಸರಿನವರು ಬಂದರೆ ನಮಗೆ ಸಿಟ್ಟು ಬರುತ್ತಿತ್ತು. ಆಮೇಲೆ ಕರೆಂಟಿನ ಮಷಿನ್ ಬಂತು, ಅದು ಪೆನ್ನಿನಿಂದ ಗೀಚಿದ ಹಾಗೆ ಬರೆಯುತ್ತದೆ. ನಿಮ್ಮದರಲ್ಲಿ ಬೆರಳಿಗೆ ಚುಚ್ಚುತ್ತದೆ ಅಂದರೆ ಕೈ ಕೆಲಸವೇ.

ಈಗ ಕೊಡದ ಒಳಗೆ ಕೈ ಹಾಕಿ, ಹೆಸರಿರುವ ಜಾಗದ ಹಿಂಬದಿಗೆ ಬೆರಳಾಡಿಸಿ ನೋಡಿ. ಸಣ್ಣ ಸಣ್ಣ ಗುಬಟು ಸಿಗುತ್ತವೆ. ಅಂದರೆ ಅದು ಮೇಲಿನ ಗೀರು ಅಲ್ಲ, ತಗಡೇ ಒಳಗೆ ಹೋಗಿದೆ. ಬಫ್ ಹಿಡಿದವನು ಚುಕ್ಕಿ ಕಾಣದ ಹಾಗೆ ಮಾಡಬೇಕು ಅಂದರೆ ಸುತ್ತಲಿನ ತಾಮ್ರವನ್ನೆಲ್ಲ ಅಷ್ಟು ಆಳ ಸವೆಸಬೇಕು. ಕುತ್ತಿಗೆ ಹತ್ತಿರ ತಗಡು ಮೊದಲೇ ತೆಳ್ಳಗಿರುತ್ತದೆ, ಕೊಡ ಎತ್ತುವಾಗ ಭಾರ ಬೀಳುವುದೂ ಅಲ್ಲೇ. ನಾಳೆ ಅಲ್ಲಿಂದಲೇ ಸೀಳುತ್ತದೆ. ನಿಮ್ಮವರಿಗೆ ಇಷ್ಟು ಹೇಳಿ ಸಾಕು.

ಇನ್ನು ನೀರು ಕುಡಿಯುವ ಮಾತು. ತಳ ನೋಡಿ. ಬೆಸುಗೆ ಹಾಕಿದ ತೇಪೆ ಇದೆಯಾ? ಬೂದು ಬಣ್ಣದ, ಮೆತ್ತಗಿನ ಲೋಹ ಕಂಡರೆ ಅದರಲ್ಲಿ ಸೀಸ ಇರಬಹುದು, ಕುಡಿಯುವ ನೀರು ಇಡಲೇಬೇಡಿ. ತೇಪೆ ಇಲ್ಲ ಅಂದರೆ ರಾತ್ರಿ ತುಂಬಿಸಿ ಪೇಪರ್ ಮೇಲೆ ಇಡಿ, ಬೆಳಿಗ್ಗೆ ಪೇಪರ್ ಒದ್ದೆಯಾಗಿಲ್ಲ ಅಂದರೆ ಸೋರುವುದಿಲ್ಲ. ಮಜ್ಜಿಗೆ, ಲಿಂಬೆಹಣ್ಣಿನ ಪಾನಕ ಇಂಥ ಹುಳಿ ಏನೂ ತಾಮ್ರದಲ್ಲಿ ಬೇಡ. ಹುಳಿ ಬಿದ್ದರೆ ತಾಮ್ರ ಬಿಡುತ್ತದೆ, ನೀವು ಹುಣಸೆಹಣ್ಣಿನಲ್ಲಿ ತಿಕ್ಕಿದಾಗ ಕೊಡ ಫಳಫಳ ಆಗಿದ್ದು ಅದಕ್ಕೇ. ಅಡುಗೆ ಮಾಡುವ ಹಿತ್ತಾಳೆ ಬೋಗುಣಿ ಸಿಕ್ಕರೆ ಕಲಾಯಿ ಹಾಕಿಸದೆ ಸಾರು ಕುದಿಸಬೇಡಿ. ಕಲಾಯಿ ಅಂದರೆ ತವರ, 232 ಡಿಗ್ರಿಗೆ ಕರಗುತ್ತದೆ. ಖಾಲಿ ಬೋಗುಣಿ ಗ್ಯಾಸ್ ಮೇಲೆ ಇಟ್ಟು ಮರೆತಿರಿ ಅಂದರೆ ಕಲಾಯಿ ಹೋಯಿತು ಅಂತಲೇ ತಿಳಿಯಿರಿ.

ಬೆಟಗೇರಿ ಮಗ್ಗ:

ನಾನು ಆ ಕಡೆಯವನು. ಅಂದರೆ ಮಾರಿದವನು.

ಅವ್ವ ತೀರಿಕೊಂಡ ಮೇಲೆ ನಾವು ಮೂವರು ಅಣ್ಣತಮ್ಮಂದಿರು ಮನೆ ಪಾಲು ಮಾಡಿದೆವು. ಹೊಲ, ಮನೆ, ಬಂಗಾರಕ್ಕೆ ಎಲ್ಲರೂ ಬಂದರು. ಪಾತ್ರೆಗೆ ಯಾರೂ ಬರಲಿಲ್ಲ. ಎರಡು ಹಂಡೆ, ಐದು ಕೊಡ, ಪರಾತ, ಕಂಚಿನ ತಾಟುಗಳು, ರೊಟ್ಟಿ ಬಡಿಯುವ ಕೊಣಮಿಗೆ. ಅಣ್ಣ ಬೆಂಗಳೂರಿನಲ್ಲಿ ಎರಡು ರೂಮಿನ ಮನೆಯಲ್ಲಿದ್ದಾನೆ. ತಮ್ಮನ ಹೆಂಡತಿಗೆ ಸ್ಟೀಲೇ ಬೇಕು. ನನ್ನ ಮನೆಯಲ್ಲಿ ಹಂಡೆ ಇಡಲು ಬಚ್ಚಲೇ ಇಲ್ಲ, ಗೀಜರ್ ಇದೆ. ಒಂದು ಕೊಡ ಇಟ್ಟುಕೊಂಡು ಮಿಕ್ಕಿದ್ದನ್ನು ಟಂಟಂನಲ್ಲಿ ಹಾಕಿ ಕಳಿಸಿದೆವು. ಎಲ್ಲದರ ಮೇಲೂ ಅವ್ವನ ಹೆಸರಿತ್ತು.

ಅದಕ್ಕೆ ಹೇಳುತ್ತೇನೆ, ದಯವಿಟ್ಟು ಆ ಮನೆಯವರನ್ನು ಹುಡುಕಬೇಡಿ. ವಾಟ್ಸಾಪಿನಲ್ಲಿ ಫೋಟೋ ಹಾಕಿ "ಈ ಹೆಸರಿನವರು ಯಾರು, ತಲುಪುವವರೆಗೂ ಶೇರ್ ಮಾಡಿ" ಅಂತ ಬಿಡಬೇಡಿ. ಇಷ್ಟು ವರ್ಷ ಆದ ಮೇಲೆ ಯಾರೋ ಫೋನ್ ಮಾಡಿ ನಿಮ್ಮ ಅವ್ವನ ಕೊಡ ಸಿಕ್ಕಿದೆ ಅಂದರೆ ನಾನು ಏನು ಹೇಳಲಿ? ಬೇಡ ಅಂದರೆ ಒಂದು ಪಾಪ, ಬೇಕು ಅಂದರೆ ಅವತ್ತು ಯಾಕೆ ಮಾರಿದೆ ಅನ್ನೋದು ಇನ್ನೊಂದು. ಮಾರಿದ್ದು ತಪ್ಪು ಅಂತ ಈಗಲೂ ನನಗೆ ಅನ್ನಿಸುವುದಿಲ್ಲ. ಕರಗಿಸುವವನ ಕೈಗೆ ಹೋಗಿರುತ್ತದೆ ಅಂದುಕೊಂಡಿದ್ದೆ. ಯಾರೋ ನೀರು ತುಂಬಿ ಇಟ್ಟಿದ್ದಾರೆ ಅಂದರೆ ಖುಷಿಯೇ. ನಿಮ್ಮ ಮನೆಯವರಿಗೆ ತಿಳಿಸಿ, ಇದರಲ್ಲಿ ಕಸಿವಿಸಿ ಪಡುವಂಥದ್ದೇನೂ ಇಲ್ಲ.

ದುರ್ಗದಬೈಲ್ ಸಂಜೆ:

ಚಹಾ ಕುಡಿಯಲು ಎದ್ದು ಹೋದಾಗ ಬೇರೆಯವರು ಮಾಲು ಎತ್ತಿಕೊಂಡು ಹೋದರೆ? ನನಗೆ ಹಾಗೆ ಎರಡು ಸಲ ಆಗಿದೆ. ಈಗ ಹೆಂಡತಿಯನ್ನು ಅಲ್ಲೇ ಕೂರಿಸಿ ನಾನೊಬ್ಬನೇ ಹೋಗಿ ಗಿರ್ಮಿಟ್ ಮಿರ್ಚಿ ಕಟ್ಟಿಸಿಕೊಂಡು ಬರುತ್ತೇನೆ.

ಮೂರು ನಿಮಿಷ:

ರೆಕಾರ್ಡು ಅಂದಿರಲ್ಲ, ಅದಕ್ಕೆ ಬಂದೆ. ನಮ್ಮ ಮನೆಯಲ್ಲಿ ಹುಚ್ಚು ನನ್ನದು, ಹೊರುವ ಕೆಲಸ ಗಂಡನದು.

ಗಂಗೂಬಾಯಿ ಹಾನಗಲ್ ಅವರ ಶುರುವಿನ ರೆಕಾರ್ಡುಗಳನ್ನು 1930ರ ದಶಕದಲ್ಲಿ ಎಚ್‌ಎಂವಿ "ಗಾಂಧಾರಿ ಹುಬ್ಬಳ್ಳಿ" ಅನ್ನೋ ಹೆಸರಿನಲ್ಲಿ ತಂದಿತ್ತು. ಇದು ಗೊತ್ತಿಲ್ಲದೆ ನಾನು ವರ್ಷಗಟ್ಟಲೆ ಲೇಬಲ್ ಮೇಲೆ ಗಂಗೂಬಾಯಿ ಅಂತ ಹುಡುಕಿದ್ದೇನೆ, ಅಷ್ಟರಲ್ಲಿ ಎಷ್ಟು ಗಾಂಧಾರಿ ನನ್ನ ಕೈಯಿಂದ ಜಾರಿ ಹೋದವೋ. ಗೊತ್ತಾದ ಮೇಲೆ ಗದಗಿನಲ್ಲಿ ಒಂದು ಕಟ್ಟು ಸಿಕ್ಕಿತು, ಹನ್ನೆರಡು ರೆಕಾರ್ಡು. ಅದರಲ್ಲಿ ಏಳಕ್ಕೆ ಲೇಬಲ್ಲೇ ಇಲ್ಲ. ಹಳೆ ಮಾಲೀಕರೋ, ಅಂಗಡಿಯವರೋ, ಧೂಳು ಹೋಗಲಿ ಅಂತ ಒದ್ದೆ ಬಟ್ಟೆಯಲ್ಲಿ ತಿಕ್ಕಿ ತಿಕ್ಕಿ ಕಿತ್ತುಹಾಕಿದ್ದರು. ಮನೆಗೆ ತಂದು ಹಾಕಿದರೆ ಒಂದರಲ್ಲಿ ಒಬ್ಬ ಹೆಣ್ಣುಮಗಳು ಹಾಡುತ್ತಾಳೆ, ಒಂದು ಬದಿಗೆ ಮೂರು ನಿಮಿಷ ಚಿಲ್ಲರೆ. ಎಷ್ಟು ಚೆನ್ನಾಗಿ ಹಾಡುತ್ತಾಳೆ ಅಂದರೆ ಗಂಡ ಅಡುಗೆಮನೆಯಿಂದ ಬಂದು ನಿಂತ. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ನಾಲ್ಕು ಜನ ಜಾಣರಿಗೆ ಕೇಳಿಸಿದ್ದೇನೆ, ನಾಲ್ವರೂ ನಾಲ್ಕು ಹೆಸರು ಹೇಳಿದರು.

ಅದಕ್ಕೇ ಹೆಸರು ಇದ್ದದ್ದನ್ನು ಅಳಿಸುತ್ತೇನೆ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ನಿಮ್ಮವರಿಗೆ ಎರಡು ಮಾತು. ಹಳೆ 78ರ ರೆಕಾರ್ಡು, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವುದು, ಅರಗಿನದು, ಅದನ್ನು ಸ್ಪಿರಿಟ್, ಸ್ಯಾನಿಟೈಸರ್ ಹಾಕಿ ಒರೆಸಲೇಬಾರದು, ಅರಗು ಕರಗಿ ಗೆರೆ ಹಾಳಾಗುತ್ತದೆ. ನನ್ನದೊಂದು ಹಾಗೇ ಹೋಗಿದೆ, ಕೊರೊನಾ ಕಾಲದಲ್ಲಿ, ನನ್ನದೇ ಕೈಯಿಂದ. ಮತ್ತೆ ಎಲ್‌ಪಿ ಹಾಕುವ ಮುಳ್ಳಿನಲ್ಲಿ 78 ಹಾಕಬೇಡಿ. 78ರ ಗೆರೆ ಅಗಲ, ಅದಕ್ಕೆ ದಪ್ಪ ಮುಳ್ಳೇ ಬೇಕು. ಕೀಲಿ ಕೊಡುವ ಗ್ರಾಮಾಫೋನ್ ಆದರೆ ಉಕ್ಕಿನ ಮುಳ್ಳನ್ನು ಒಂದು ಬದಿ ಮುಗಿದ ತಕ್ಷಣ ಬದಲಿಸಬೇಕು, ಜಿಪುಣತನ ಮಾಡಿದರೆ ರೆಕಾರ್ಡು ಕೆರೆದು ಹೋಗುತ್ತದೆ.

ಹದಿನೇಳು ಜ್ಯುವೆಲ್:

ಜನತಾ ವಾಚಿಗೆ ಉತ್ತರ. ಹಿಂದಿನ ಮುಚ್ಚಳ ಬಿಚ್ಚಿಸಿ ನೋಡಿ. ಒಳಗಿನ ಮಷಿನ್ ಮೇಲೆ ಎಚ್‌ಎಂಟಿ ಅಂತಲೂ 0231 ಅಂತಲೂ ಇದ್ದರೆ ಹೊಟ್ಟೆ ಅಸಲಿ, ಎಣ್ಣೆ ಒಣಗಿ ನಿಂತಿರಬಹುದು, ಸರ್ವಿಸ್ ಮಾಡಿಸಿದರೆ ಓಡುತ್ತದೆ. ಡಯಲ್ ಮೇಲಿನ ಅಕ್ಷರದ ಅಂಚು ಕಲಸಿದ ಹಾಗಿದ್ದರೆ, ಅಥವಾ ಬಣ್ಣ ವಿಪರೀತ ಹೊಳೆಯುತ್ತಿದ್ದರೆ, ಅದು ಮತ್ತೆ ಪೇಂಟ್ ಹೊಡೆದ ಡಯಲ್. 2016ರ ಜನವರಿಯಲ್ಲಿ ಸರ್ಕಾರ ಆ ವಾಚ್ ಕಂಪನಿ ಮುಚ್ಚಲು ತೀರ್ಮಾನಿಸಿತಲ್ಲ, ಆಮೇಲೆ ಎಲ್ಲರಿಗೂ ಒಮ್ಮೆಲೇ ಅಪ್ಪನ ವಾಚು ನೆನಪಾಯಿತು. ಇಂಥ ಮೇಕಪ್ ಮಾಲು ಆನ್‌ಲೈನಿನಲ್ಲಿ ರಾಶಿ ಇದೆ. ಹಳೆಯದು ಹಳೆಯ ಹಾಗೆ ಕಂಡರೇ ಒಳ್ಳೆಯದು.

ಲಕ್ಕುಂಡಿ ಹಾದಿ:

ಗದಗ ಕಡೆ ಬರುತ್ತೀರಿ ಅಂದಿರಿ, ಅದಕ್ಕೆ ಒಂದು ಎಚ್ಚರಿಕೆ. ಕೊಡ, ಹಂಡೆ, ವಾಚು ಎಷ್ಟು ಬೇಕಾದರೂ ಕೊಳ್ಳಿ. ಕಲ್ಲಿನ ಮೂರ್ತಿ, ಕೆತ್ತನೆಯ ತುಂಡು, ಹಳೆ ದೇವರ ವಿಗ್ರಹ, ತಾಳೆಗರಿ ಕಟ್ಟು ಯಾರಾದರೂ ತೋರಿಸಿದರೆ ಕೈ ಹಾಕಬೇಡಿ. 1972ರ ಪುರಾವಸ್ತು ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳು ಪುರಾವಸ್ತು, ಮಹತ್ವದ ಹಸ್ತಪ್ರತಿಗೆ ಎಪ್ಪತ್ತೈದು ವರ್ಷವೇ ಸಾಕು. ಇವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ನಮ್ಮ ಕಡೆ ಗುಡಿಗಳು ಜಾಸ್ತಿ, ಹಿತ್ತಲಲ್ಲಿ ಪಾಯ ತೋಡಿದರೂ ಕಲ್ಲು ಸಿಗುತ್ತದೆ. "ನಮ್ಮಜ್ಜನ ಕಾಲದ್ದು" ಅನ್ನುತ್ತಾರೆ, ಅಜ್ಜ ಎಲ್ಲಿಂದ ತಂದ ಅಂತ ಹೇಳುವುದಿಲ್ಲ.

ಕೆಲಗೇರಿ ದಂಡೆ:

ಎಲ್ಲರಿಗೂ ಥ್ಯಾಂಕ್ಸ್. ತಡವಾಯಿತು, ನಡುವೆ ಮಗಳ ಪರೀಕ್ಷೆ ಇತ್ತು.

ಕಂಚಗಾರ ಗಲ್ಲಿ ಅಣ್ಣಾರು ಹೇಳಿದ ಹಾಗೆ ಒಳಗೆ ಕೈ ಹಾಕಿದೆ. ಗುಬಟು ಸಿಕ್ಕವು. ಇವರನ್ನು ಕರೆದು ಇವರ ಬೆರಳನ್ನೂ ಅಲ್ಲಿ ಹಿಡಿದು ಇಟ್ಟೆ. ಸ್ವಲ್ಪ ಹೊತ್ತು ಹಾಗೇ ಬೆರಳಾಡಿಸುತ್ತಾ ನಿಂತರು, ಆಮೇಲೆ "ಸೀಳ್ತದ ಅಂದ್ರ ಬ್ಯಾಡ ಬಿಡು" ಅಂದರು. ಬಫಿಂಗ್ ಮಾತು ಅಲ್ಲಿಗೆ ಮುಗಿಯಿತು. ತಳದಲ್ಲಿ ತೇಪೆ ಇಲ್ಲ, ಪೇಪರ್ ಒಣಗೇ ಇತ್ತು.

ಬೆಟಗೇರಿಯವರ ಮಾತನ್ನು ಇವರಿಗೆ ಎರಡು ಸಲ ಓದಿ ಹೇಳಿದೆ. ಮೊದಲ ಸಲ ಏನೂ ಅನ್ನಲಿಲ್ಲ. ಎರಡನೇ ಸಲ, ಇವರ ಊರಿನ ಮನೆ ಅಟ್ಟದ ಮೇಲೆ ಇವರ ಅಜ್ಜಿಯ ಪಾತ್ರೆ ಒಂದು ಗೋಣಿಚೀಲದಲ್ಲಿ ಇವೆಯಂತೆ, ಮುಂದಿನ ಸಲ ಹೋದಾಗ ಇಳಿಸೋಣ ಅಂದರು. ಹನ್ನೊಂದು ವರ್ಷದಲ್ಲಿ ಇದು ನನಗೆ ಹೊಸ ಸುದ್ದಿ! ನಾವು ದುಡ್ಡು ಕೊಟ್ಟು ಮಂದಿ ಕೊಡ ತರುತ್ತಿದ್ದೇವೆ, ಅಟ್ಟದ ಮೇಲೆ ನಮ್ಮದೇ ಚೀಲ ಬಿದ್ದಿದೆ. ಅತ್ತೆಯವರು ಇದನ್ನು ಕೇಳಿ ನಕ್ಕ ನಗು ಇನ್ನೂ ನಿಂತಿಲ್ಲ.

ಹುಡುಕುವ ಯೋಚನೆ ಬಿಟ್ಟೆವು. ಫೋಟೋ ಎಲ್ಲೂ ಹಾಕುವುದಿಲ್ಲ. ವಾಚಿನ ಮಷಿನ್ ಅಸಲಿ, ಡಯಲ್ ಮಾತ್ರ ಪೇಂಟ್ ಹೊಡೆದದ್ದು. ಇವರು ಒಂದು ದಿನ ಮುಖ ಸಪ್ಪಗೆ ಮಾಡಿಕೊಂಡು, ಮರುದಿನದಿಂದ ಅದನ್ನೇ ಕಟ್ಟಿಕೊಂಡು ಆಫೀಸಿಗೆ ಹೋಗುತ್ತಿದ್ದಾರೆ.

ಕೊಡ ಈಗ ಅಡುಗೆಮನೆ ಕಟ್ಟೆ ಮೇಲಿದೆ, ನೀರು ತುಂಬಿ ಇಟ್ಟಿದ್ದೇವೆ. ಒಂದೇ ತಕರಾರು ಉಳಿದಿದೆ. ಬೆಳಿಗ್ಗೆ ನೀರು ತುಂಬುವವರು ಇವರು, ಹೆಸರನ್ನು ಗೋಡೆ ಕಡೆ ತಿರುಗಿಸಿ ಇಡುತ್ತಾರೆ. ಸಂಜೆ ಕಟ್ಟೆ ಒರೆಸುವಾಗ ನಾನು ಈ ಕಡೆ ತಿರುಗಿಸುತ್ತೇನೆ. ಹದಿನೈದು ದಿನದಿಂದ ಇದೇ ನಡೆದಿದೆ, ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಿಲ್ಲ.

ಈ ಭಾನುವಾರ ಗದಗಿಗೆ ಬರುತ್ತಿದ್ದೇವೆ. ಬೆಟಗೇರಿ ಕಡೆ ಭಾನುವಾರವೂ ತೆರೆದಿರುವ ಮೋಡಕಾ ಅಂಗಡಿ ಇದ್ದರೆ ಹೇಳಿ. ಪಕ್ಕದಲ್ಲಿ ಚಹಾ ಅಂಗಡಿ ಇರಬೇಕು.