ಪೋರ್ಚುಗೀಸ್ ಭಾಷೆ ಮತ್ತು ಸಂಸ್ಕೃತಿಯನ್ನು ಮುಖ್ಯ ವಿಷಯವಾಗಿ ಓದುವುದು: ಅಧ್ಯಾಪಕಿಯೊಂದಿಗೆ ಪ್ರಶ್ನೋತ್ತರ

ಗುಂಪಿನ ನಿರ್ವಾಹಕರು: ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಕಲಿಸುವ ಅಧ್ಯಾಪಕಿಯವರು ಈ ವಾರ ಸದಸ್ಯರ ಪ್ರಶ್ನೆಗಳಿಗೆ ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಹಾಕುವ ಮೊದಲು ಮೇಲಿನ ಉತ್ತರಗಳನ್ನು ದಯವಿಟ್ಟು ಓದಿಕೊಳ್ಳಿ.

ಕಾರವಾರದ ಸದಸ್ಯರು: ನಮಸ್ಕಾರ ಮೇಡಂ. ನನ್ನ ಮಗಳು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿದ್ದಾಳೆ. ಪದವಿಗೆ ಪೋರ್ಚುಗೀಸನ್ನೇ ಓದುತ್ತೇನೆ ಎಂದು ಪಟ್ಟು ಹಿಡಿದಿದ್ದಾಳೆ. ಮೂರು ವರ್ಷ ಕಲಿಯುವಂಥದ್ದು ಅದರಲ್ಲಿ ಏನಿದೆ, ಎಲ್ಲಿ ಓದಬಹುದು ಎಂಬುದನ್ನು ತಿಳಿಸಿಕೊಡಬೇಕು.

ಅಧ್ಯಾಪಕಿ: ನಮಸ್ಕಾರ. ಮೂರು ವರ್ಷ ಬರೀ ವ್ಯಾಕರಣವನ್ನು ಯಾರೂ ಕಲಿಸುವುದಿಲ್ಲ. ಲಿಸ್ಬನ್ ವಿಶ್ವವಿದ್ಯಾಲಯದ ಕಲಾ ನಿಕಾಯದಲ್ಲಿ ವಿದೇಶೀ ವಿದ್ಯಾರ್ಥಿಗಳಿಗೆಂದೇ ಪೋರ್ಚುಗೀಸ್ ಭಾಷೆ ಮತ್ತು ಸಂಸ್ಕೃತಿಯ ಪದವಿಯಿದೆ. ಇಂಥ ಪದವಿಯಲ್ಲಿ ಭಾಷೆಯ ಜೊತೆಗೆ ಭಾಷಾವಿಜ್ಞಾನ, ಪೋರ್ಚುಗಲ್ಲಿನ ಇತಿಹಾಸ, ಬ್ರೆಜಿಲ್ ಮತ್ತು ಆಫ್ರಿಕಾದ ಸಾಹಿತ್ಯಗಳನ್ನೂ ಓದಬೇಕಾಗುತ್ತದೆ. 1974ರ ಏಪ್ರಿಲ್ 25ರಂದು ಸೇನಾಧಿಕಾರಿಗಳು ಲಿಸ್ಬನ್ನಿನಲ್ಲಿ ಸರ್ವಾಧಿಕಾರವನ್ನು ಕೆಡವಿದ್ದು, ಮರುವರ್ಷವೇ ಅಂಗೋಲಾ, ಮೊಜಾಂಬಿಕ್‌ಗಳು ಸ್ವತಂತ್ರವಾದದ್ದು ತಿಳಿಯದಿದ್ದರೆ ಈ ಭಾಷೆಯ ಇಂದಿನ ಎಷ್ಟೋ ಕಾದಂಬರಿಗಳು ತಲೆಗೆ ಹತ್ತುವುದಿಲ್ಲ. ಭಾರತದಲ್ಲಿ ಗೋವಾ ವಿಶ್ವವಿದ್ಯಾಲಯದಲ್ಲಿ ಪೋರ್ಚುಗೀಸ್ ಎಂ.ಎ. ಇದೆ, ಗೋವಾದ ಕೆಲವು ಕಾಲೇಜುಗಳಲ್ಲಿ ಬಿ.ಎ.ಗೆ ಅದನ್ನು ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಮಗಳು ಇತಿಹಾಸವನ್ನೋ ಅರ್ಥಶಾಸ್ತ್ರವನ್ನೋ ಜೊತೆಗಿಟ್ಟುಕೊಂಡು ಬಿ.ಎ. ಮುಗಿಸಿ, ಆಮೇಲೆ ಪೋರ್ಚುಗೀಸ್ ಎಂ.ಎ.ಗೆ ಹೋಗುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಭಾಷೆಯೊಂದನ್ನೇ ನೆಚ್ಚಿಕೊಂಡವರಿಗಿಂತ, ಆ ಭಾಷೆಯಿಂದ ಮಾಡಬೇಕಾದ ಕೆಲಸವನ್ನು ಮೊದಲೇ ನಿಶ್ಚಯಿಸಿಕೊಂಡವರು ಮುಂದೆ ಹೋದದ್ದನ್ನು ನಾನು ಕಂಡಿದ್ದೇನೆ.

ಬೆಂಗಳೂರಿನ ಸದಸ್ಯರು: ಮೇಡಂ, ನಮ್ಮ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿಗೆ ಬಂದದ್ದನ್ನು ಇಲ್ಲಿ ಹಂಚುತ್ತಿದ್ದೇನೆ: "ಪೋರ್ಚುಗಲ್ಲಿನಲ್ಲಿ ಭಾರತೀಯರಿಗೆ ವಿಶ್ವವಿದ್ಯಾಲಯ ಶಿಕ್ಷಣ ಸಂಪೂರ್ಣ ಉಚಿತ. 30 ದಿನದಲ್ಲಿ ಪೋರ್ಚುಗೀಸ್ ಕಲಿತು ಸಿಪ್ಲೆ ಪರೀಕ್ಷೆ ಪಾಸಾದರೆ ಸೀಟು ಖಚಿತ. ಹತ್ತು ಜನರಿಗೆ ಕಳುಹಿಸಿ." ಇದು ನಿಜವೇ?

ಅಧ್ಯಾಪಕಿ: ಒಂದು ಮಾತೂ ನಿಜವಲ್ಲ. ಐರೋಪ್ಯ ಒಕ್ಕೂಟದ ಹೊರಗಿನಿಂದ ಪದವಿಗೆ ಹೋಗುವವರಿಗಾಗಿ ಪೋರ್ಚುಗಲ್ 2014ರಲ್ಲಿ ಅಂತರರಾಷ್ಟ್ರೀಯ ವಿದ್ಯಾರ್ಥಿ ಎಂಬ ಪ್ರತ್ಯೇಕ ವರ್ಗವನ್ನು ಕಾನೂನಿನಿಂದಲೇ ಮಾಡಿತು, ಮತ್ತು ಆ ವರ್ಗದ ಶುಲ್ಕ ಸ್ಥಳೀಯರ ಶುಲ್ಕಕ್ಕಿಂತ ಸಾಮಾನ್ಯವಾಗಿ ಹೆಚ್ಚಾಗಿಯೇ ಇರುತ್ತದೆ. ಸಿಪ್ಲೆ ಎಂಬುದು ಪೋರ್ಚುಗೀಸ್ ಭಾಷೆಯ ಎ2 ಹಂತದ ಪರೀಕ್ಷೆ, ಅಂದರೆ ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ಕೆಳಗಿನಿಂದ ಎರಡನೆಯದು. ಅಂಗಡಿಯಲ್ಲಿ ಸಾಮಾನು ಕೇಳುವುದಕ್ಕೆ, ಚಿಕ್ಕ ಪತ್ರ ಬರೆಯುವುದಕ್ಕೆ ಅದು ಸಾಕು, ತರಗತಿಯಲ್ಲಿ ಕುಳಿತು ಉಪನ್ಯಾಸ ಕೇಳುವುದಕ್ಕೆ ಸಾಲದು. ಉಪನ್ಯಾಸವನ್ನು ಹಿಡಿಯಬೇಕಾದರೆ ಬಿ2 ಹಂತದ ಆಸುಪಾಸಿಗಾದರೂ ಬರಬೇಕು, ಅದಕ್ಕೆ ಶ್ರದ್ಧೆಯ ವಿದ್ಯಾರ್ಥಿಗೂ ವರ್ಷಗಳು ಬೇಕು. ಇಂಥ ಸಂದೇಶಗಳನ್ನು ನಂಬಿ ಏಜೆಂಟರಿಗೆ ಹಣ ಕಟ್ಟಿದ ಕುಟುಂಬಗಳಿವೆ. ದಯವಿಟ್ಟು ಇದನ್ನು ಯಾರಿಗೂ ಕಳುಹಿಸಬೇಡಿ.

ಹುಬ್ಬಳ್ಳಿಯ ಸದಸ್ಯರು: ಇದನ್ನು ಓದಿದರೆ ಉದ್ಯೋಗ ಸಿಗುತ್ತದೆಯೇ?

ಅಧ್ಯಾಪಕಿ: ಸಿಗುತ್ತದೆ; ಆದರೆ ಬಹುಪಾಲು ಬ್ರೆಜಿಲ್‌ಗೆ ಸಂಬಂಧಿಸಿದ ಕೆಲಸ. ಬ್ರೆಜಿಲ್ಲಿನ ಜನಸಂಖ್ಯೆ 20 ಕೋಟಿಯನ್ನು ದಾಟಿದೆ, ಅಲ್ಲಿನ ಗ್ರಾಹಕರ ಪತ್ರ, ಬಿಲ್ಲು, ದೂರುಗಳೆಲ್ಲ ಪೋರ್ಚುಗೀಸಿನಲ್ಲಿರುತ್ತವೆ, ಮತ್ತು ಬೆಂಗಳೂರಿನ ಸೇವಾ ಕಂಪನಿಗಳು ಅದಕ್ಕಾಗಿ ಭಾಷೆ ಬಲ್ಲವರನ್ನು ಹುಡುಕುತ್ತವೆ. ಅಲ್ಲಿಯೂ ಲೆಕ್ಕಪತ್ರ, ಕಾನೂನು ಅಥವಾ ಸಾಫ್ಟ್‌ವೇರ್ ಬಲ್ಲ ಪೋರ್ಚುಗೀಸ್ ಪದವೀಧರರಿಗೆ ಮೊದಲ ಆದ್ಯತೆ.

ಕಲಬುರಗಿಯ ಸದಸ್ಯರು: ನಮ್ಮದು ದಾಲ್ ಮಿಲ್. ಮೊಜಾಂಬಿಕ್ ತೊಗರಿ ಬಂದಾಗಲೆಲ್ಲ ಇಲ್ಲಿನ ದರ ಅಲ್ಲಾಡುತ್ತದೆ. ಬಿ.ಕಾಂ. ಮುಗಿಸಿದ ಮಗನಿಗೆ ಈ ಭಾಷೆ ಕಲಿಸಿದರೆ ಪ್ರಯೋಜನವಿದೆಯೇ?

ಅಧ್ಯಾಪಕಿ: ಇದು ಯೋಚಿಸಿ ಕೇಳಿದ ಪ್ರಶ್ನೆ. ಮೊಜಾಂಬಿಕ್‌ನಿಂದ ತೊಗರಿ ತರಿಸಿಕೊಳ್ಳಲು ಭಾರತ 2016ರಲ್ಲಿ ಒಪ್ಪಂದ ಮಾಡಿಕೊಂಡಿತು, ವರ್ಷಕ್ಕೆ 2 ಲಕ್ಷ ಟನ್‌ವರೆಗಿನ ಆಮದು ಅದರ ಗುರಿಯಾಗಿತ್ತು. ಆ ದೇಶದ ಆಡಳಿತ ಭಾಷೆ ಪೋರ್ಚುಗೀಸ್ ಆದ್ದರಿಂದ ಕಾನೂನು, ಸುಂಕದ ಕಾಗದ, ನ್ಯಾಯಾಲಯದ ಆದೇಶ ಎಲ್ಲವೂ ಅದರಲ್ಲೇ ಇರುತ್ತವೆ. ಬಿ.ಕಾಂ. ಆದ ಹುಡುಗನಿಗೆ ಮತ್ತೊಂದು ಪದವಿ ಬೇಕಿಲ್ಲ. ಡಿಪ್ಲೊಮಾ ಮಾಡಿಸಿ, ಒಪ್ಪಂದ ಪತ್ರಗಳನ್ನು ತಾನೇ ಓದುವಷ್ಟು ಕಲಿಯಲಿ.

ಸಾಗರದ ವಿದ್ಯಾರ್ಥಿ: ಮೇಡಂ, ನಾನು ಇತಿಹಾಸ ಬಿ.ಎ. ಅಂತಿಮ ವರ್ಷದಲ್ಲಿದ್ದೇನೆ. ಕೆಳದಿ ನಾಯಕರ ಕಾಲದ ಬಸರೂರಿನ ಅಕ್ಕಿ ವ್ಯಾಪಾರದ ಮೇಲೆ ಸಂಶೋಧನೆ ಮಾಡುವ ಆಸೆಯಿದೆ. ಇಂಗ್ಲಿಷ್ ಅನುವಾದಗಳು ಸಾಕು, ಪೋರ್ಚುಗೀಸ್ ಎಂ.ಎ.ಗೆ ಎರಡು ವರ್ಷ ಕಳೆಯುವುದು ವ್ಯರ್ಥ ಎಂದು ಹಿರಿಯರು ಹೇಳುತ್ತಿದ್ದಾರೆ. ನಾನು ಏನು ಮಾಡಲಿ?

ಅಧ್ಯಾಪಕಿ: ವ್ಯರ್ಥವಲ್ಲ. ನಿಮ್ಮ ವಿಷಯಕ್ಕೆ ಆ ಎರಡು ವರ್ಷಗಳೇ ಬುನಾದಿ. ಅನುವಾದಕರು ತಮಗೆ ಬೇಕಾದದ್ದನ್ನು ಮಾತ್ರ ಅನುವಾದಿಸುತ್ತಾರೆ. ವಿಜಯನಗರವನ್ನು ಕಂಡು ಬರೆದ ದೊಮಿಂಗೊ ಪಾಯಿಸ್ ಮತ್ತು ಫೆರ್ನಾಂವ್ ನುನಿಸ್ ಇಬ್ಬರ ಬರಹಗಳು ಪ್ಯಾರಿಸ್ಸಿನ ಗ್ರಂಥಾಲಯದ ಹಸ್ತಪ್ರತಿಯಿಂದ 1897ರಲ್ಲಿ ಲಿಸ್ಬನ್ನಿನಲ್ಲಿ ಅಚ್ಚಾದವು, 1900ರಲ್ಲಿ ರಾಬರ್ಟ್ ಸೂಯೆಲ್ ಅವನ್ನು ಇಂಗ್ಲಿಷಿಗೆ ತಂದರು. ಹಂಪಿಯ ಮಹಾನವಮಿಯ ವರ್ಣನೆ ನಮ್ಮ ಪಠ್ಯಪುಸ್ತಕಗಳನ್ನು ಸೇರಿದ್ದು ಹಾಗೆ. ಅರಮನೆಯ ವೈಭವಕ್ಕೆ ಅನುವಾದಕರು ಸಿಕ್ಕಷ್ಟು ಸುಲಭವಾಗಿ ಬಸರೂರಿನ ದಾಸ್ತಾನಿನ ಲೆಕ್ಕಕ್ಕೆ ಸಿಕ್ಕಿಲ್ಲ. ನಿಮಗೆ ಬೇಕಾದದ್ದು ಆ ಲೆಕ್ಕವೇ.

ಪೋರ್ಚುಗೀಸರು 1569ರಲ್ಲಿ ಹೊನ್ನಾವರವನ್ನೂ ಬಸರೂರನ್ನೂ ಹಿಡಿದರು. ಗೋವೆಯ ಊಟ ಕನ್ನಡ ಕರಾವಳಿಯ ಅಕ್ಕಿಯನ್ನು ನಂಬಿಕೊಂಡಿತ್ತು, ಅಕ್ಕಿಯ ದೋಣಿಗಳು ಕಾವಲು ಹಡಗುಗಳ ಜೊತೆ ಗುಂಪಾಗಿ ಉತ್ತರಕ್ಕೆ ಸಾಗುತ್ತಿದ್ದವು. ಶಿವಪ್ಪ ನಾಯಕ 1650ರ ದಶಕದ ಮೊದಲರ್ಧದಲ್ಲಿ ಆ ಕೋಟೆಗಳನ್ನು ಕಿತ್ತುಕೊಂಡಾಗ ಗೋವೆ ಕಳವಳಗೊಂಡದ್ದಕ್ಕೆ ಕಾರಣ ಕೋಟೆಯಷ್ಟೇ ಅಲ್ಲ, ಅಕ್ಕಿಯೂ ಹೌದು. ಇವೆಲ್ಲದರ ಪೋರ್ಚುಗೀಸ್ ದಾಖಲೆಗಳನ್ನು ಕೆಳದಿಯ ಕಡೆಯ ಕನ್ನಡ ಆಕರಗಳೊಂದಿಗೆ ಎದುರುಬದುರು ಇಟ್ಟು ಓದುವವರು ಬೇಕಾಗಿದ್ದಾರೆ. ಕನ್ನಡ ಬಲ್ಲ ಮಲೆನಾಡಿನ ಹುಡುಗನೊಬ್ಬ ಈ ಕೆಲಸಕ್ಕೆ ಮುಂದೆ ಬಂದದ್ದು ನನಗೆ ಬಹಳ ಸಂತೋಷ ತಂದಿದೆ.

ದಾರಿ ಹೀಗಿದೆ. ಪಣಜಿಯ ಐತಿಹಾಸಿಕ ಪತ್ರಾಗಾರದಲ್ಲಿ ಮಾನ್ಸೂನ್ ಸಂಪುಟಗಳೆಂಬ ದೊಡ್ಡ ಸಂಗ್ರಹವಿದೆ. ಮಳೆಗಾಳಿಯ ಲೆಕ್ಕ ಹಿಡಿದು ವರ್ಷಕ್ಕೊಮ್ಮೆ ಹೋಗಿಬರುತ್ತಿದ್ದ ಹಡಗುಗಳಲ್ಲಿ ಲಿಸ್ಬನ್ನಿಗೂ ಗೋವೆಗೂ ನಡುವೆ ಓಡಾಡಿದ ಪತ್ರಗಳವು. ಮೊದಮೊದಲ ಸಂಪುಟಗಳಲ್ಲಿ ಹಲವು 18ನೆಯ ಶತಮಾನದಲ್ಲೇ ಲಿಸ್ಬನ್ನಿಗೆ ಹೋಗಿ, ಈಗ ಅಲ್ಲಿನ ತೊರ್ರೆ ದೊ ತೊಂಬೊ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಇತಿಹಾಸಕಾರ ಪಾಂಡುರಂಗ ಪಿಸುರ್ಲೇಂಕರ್ 1955ರಲ್ಲಿ ಪ್ರಕಟಿಸಿದ ಪತ್ರಾಗಾರ ಮಾರ್ಗದರ್ಶಿಯಿಂದ ಆರಂಭಿಸಿ. ಅದೂ ಪೋರ್ಚುಗೀಸಿನಲ್ಲೇ ಇದೆ ಎಂಬುದನ್ನು ನಿಮ್ಮ ಹಿರಿಯರಿಗೆ ತಿಳಿಸಿ. ಇಂದಿನ ಭಾಷೆಯನ್ನು ಬಿ2 ಹಂತದವರೆಗೆ ಕಲಿತ ಮೇಲೆ 17ನೆಯ ಶತಮಾನದ ಗದ್ಯವನ್ನು ಅಚ್ಚಿನ ಪುಸ್ತಕದಲ್ಲಿ ಓದಿ ರೂಢಿಸಿಕೊಳ್ಳಿ. 1635ರಲ್ಲಿ ಅಂತೋನಿಯೊ ಬೊಕಾರ್ರೊ ಪೋರ್ಚುಗೀಸರ ಕೋಟೆಗಳನ್ನು ಒಂದೊಂದಾಗಿ ವರ್ಣಿಸಿದ ಗ್ರಂಥದಲ್ಲಿ ಬಸರೂರೂ ಇದೆ. ಕೈಬರಹಕ್ಕೆ ಹೋಗುವುದು ಅದಾದ ಮೇಲೆ. ಲಿಪಿಕಾರರು ಪದಗಳನ್ನು ಅರ್ಧಕ್ಕೆ ಕತ್ತರಿಸಿ ಮೇಲೊಂದು ಗೆರೆ ಎಳೆಯುತ್ತಾರೆ, ಒಂದೇ ಪುಟದಲ್ಲಿ ಒಂದೇ ಹೆಸರನ್ನು ಬೇರೆಬೇರೆಯಾಗಿ ಬರೆಯುತ್ತಾರೆ, ಕೆಲವು ಹಾಳೆಗಳನ್ನು ಶಾಯಿಯೇ ತಿಂದುಹಾಕಿದೆ. ಬಸರೂರು ಅಲ್ಲಿ ಬಾರ್ಸೆಲೋರ್, ಹೊನ್ನಾವರ ಒನೋರ್, ಗಂಗೊಳ್ಳಿ ಕಂಬೊಲಿಂ; ಹಣ ಷೆರಾಫಿಂ ಮತ್ತು ಪಾರ್ದಾವ್‌ಗಳಲ್ಲಿ. ಈ ಹೆಸರುಗಳ ಪಟ್ಟಿಯನ್ನು ಇಂದೇ ಬರೆದಿಡಲು ತೊಡಗಿ. ಗೋವೆಯಲ್ಲಿ ಹಿಂದೆ ಬಳಕೆಯಲ್ಲಿದ್ದ ಗೋಯ್‌ಕಾನಡಿ ಲಿಪಿ ಹಳಗನ್ನಡ ಲಿಪಿಗೆ ಹತ್ತಿರದ್ದು. ನೀವು ಶಾಸನ ಓದುವುದನ್ನು ಕಲಿತಿದ್ದರೆ ಅದನ್ನು ಬಿಡಬೇಡಿ.

ದಾವಣಗೆರೆಯ ಸದಸ್ಯರು: ಉದ್ಯೋಗಾವಕಾಶಗಳ ಬಗ್ಗೆ ಸ್ವಲ್ಪ ತಿಳಿಸಿ ಮೇಡಂ.

ಅಧ್ಯಾಪಕಿ: ಹುಬ್ಬಳ್ಳಿಯವರಿಗೆ ಕೊಟ್ಟ ಉತ್ತರವನ್ನು ಓದಿ.

ಉಡುಪಿಯ ಸದಸ್ಯರು: ಎಲ್ಲರೂ ಉತ್ಸಾಹದಲ್ಲಿದ್ದಾರೆ, ಆದರೆ ಒಂದು ಮಾತು ಹೇಳಲೇಬೇಕು. ಗೋವೆಯಲ್ಲಿ 1684ರಲ್ಲಿ ಕೊಂಕಣಿಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದವರ, 1560ರಿಂದ ಎರಡೂವರೆ ಶತಮಾನ ಧರ್ಮವಿಚಾರಣೆ (ಚರ್ಚಿನ ನ್ಯಾಯಾಲಯದ ಇನ್‌ಕ್ವಿಸಿಷನ್) ನಡೆಸಿದವರ ಭಾಷೆಯನ್ನು ನಮ್ಮ ಮಕ್ಕಳು ಪದವಿಗಾಗಿ ಏಕೆ ಓದಬೇಕು?

ಮಂಗಳೂರಿನ ಸದಸ್ಯರು: ನಮ್ಮ ಹಿರಿಯರಲ್ಲಿ ಅನೇಕರು ಆ ಗೋವೆಯನ್ನು ಬಿಟ್ಟು ಬಂದವರೇ. ಆ ನೋವು ನಮ್ಮ ಮನೆಯಲ್ಲೂ ಇದೆ. ಆದರೆ 1684ರ ಆಜ್ಞೆಯನ್ನು ನೀವು ಉಲ್ಲೇಖಿಸುತ್ತಿರುವುದೇ ಯಾರೋ ಪೋರ್ಚುಗೀಸ್ ಓದಿದ್ದರಿಂದ. 1568ರಲ್ಲಿ ವೈಸರಾಯ್ ಮಂಗಳೂರಿನಲ್ಲಿ ಕೋಟೆ ಕಟ್ಟಿಸಿದ್ದನ್ನು, ಉಳ್ಳಾಲದ ರಾಣಿಯೊಂದಿಗಿನ ಕಾಳಗವನ್ನು ಬರೆದಿಟ್ಟವರು ಅವರು. ಓದದೆ ಉತ್ತರ ಕೊಡುವುದು ಹೇಗೆ?

ಉಡುಪಿಯ ಸದಸ್ಯರು: ಅಬ್ಬಕ್ಕನನ್ನು ತಿಳಿಯಲು ನಮಗೆ ಶತ್ರುವಿನ ಸಾಕ್ಷ್ಯ ಬೇಕಿಲ್ಲ. ನಮ್ಮ ಜನರ ನೆನಪೇ ಸಾಕು.

ಮಂಗಳೂರಿನ ಸದಸ್ಯರು: ನೆನಪು ಸಾಕೆಂದರೆ ಅಬ್ಬಕ್ಕ ಒಬ್ಬಳೇ ಇಬ್ಬರೇ ಎಂಬ ವಾದ ಇನ್ನೂ ಏಕೆ ನಡೆಯುತ್ತಿದೆ? ನೀವು ಓದುವುದಿಲ್ಲ, ಓದುವವರನ್ನೂ ಬಿಡುವುದಿಲ್ಲ.

ಉಡುಪಿಯ ಸದಸ್ಯರು: ವೈಯಕ್ತಿಕವಾಗಿ ಮಾತನಾಡುವ ಅಗತ್ಯವಿಲ್ಲ. ನೀವು ಯಾರ ಪರ ಎಂಬುದು ಎಲ್ಲರಿಗೂ ಕಾಣುತ್ತಿದೆ.

ಮೈಸೂರಿನ ಸದಸ್ಯರು: ನಿವೃತ್ತರಿಗೂ ಎಂ.ಎ. ಪ್ರವೇಶವಿದೆಯೇ? ನನಗೆ 61 ವರ್ಷ.

ಅಧ್ಯಾಪಕಿ: ಉಡುಪಿ ಮತ್ತು ಮಂಗಳೂರಿನವರಿಗೆ: ಧರ್ಮವಿಚಾರಣೆಯನ್ನೂ 1684ರ ಆಜ್ಞೆಯನ್ನೂ ನಾನು ತರಗತಿಯಲ್ಲಿ ಮುಚ್ಚಿಡದೆ ಕಲಿಸುತ್ತೇನೆ, ಏಕೆಂದರೆ ಸಂಸ್ಕೃತಿಯ ಅಧ್ಯಯನವೆಂದರೆ ಹೊಗಳಿಕೆಯಲ್ಲ. ಇಂದು ಈ ಭಾಷೆಯನ್ನಾಡುವವರಲ್ಲಿ ಬಹುಪಾಲು ಜನ ಅದೇ ಆಳ್ವಿಕೆಯಿಂದ ಬಿಡಿಸಿಕೊಂಡ ದೇಶಗಳವರು. ಯಾರು ಯಾರ ಪರ ಎಂಬ ಮಾತು ಇಲ್ಲಿ ಬೇಡ.

ಬೆಳಗಾವಿಯ ಸದಸ್ಯರು: ನನಗೆ ಬಂದ ಸಂದೇಶದ ಪ್ರಕಾರ ಪೋರ್ಚುಗೀಸ್ ಪದವಿ ಇದ್ದವರಿಗೆ ಪೋರ್ಚುಗೀಸ್ ಪಾಸ್‌ಪೋರ್ಟ್ ತಾನಾಗಿಯೇ ಸಿಗುತ್ತದೆ, ಭಾರತದ ಪಾಸ್‌ಪೋರ್ಟನ್ನೂ ಇಟ್ಟುಕೊಳ್ಳಬಹುದು. ಮಾರ್ಗದರ್ಶನ ಬೇಕು.

ಅಧ್ಯಾಪಕಿ: ಇಂಥ ಸಂದೇಶಗಳನ್ನು ಯಾರಿಗೂ ಕಳುಹಿಸಬೇಡಿ ಎಂದು ಮೇಲೆಯೇ ಕೇಳಿಕೊಂಡಿದ್ದೇನೆ. ಪದವಿಯಿಂದ ಪೌರತ್ವ ಸಿಗುವುದಿಲ್ಲ. ಗೋವೆಯವರ ಹಕ್ಕು, ಗೋವೆ ಭಾರತಕ್ಕೆ ಸೇರಿದ 1961ರ ಡಿಸೆಂಬರ್ 19ಕ್ಕೆ ಮೊದಲು ಅಲ್ಲಿ ಹುಟ್ಟಿದ ಪೂರ್ವಿಕರಿಂದ ಬರುವಂಥದ್ದು, ಅದಕ್ಕೂ ಭಾಷಾ ಪದವಿಗೂ ಸಂಬಂಧವಿಲ್ಲ. ಇನ್ನೊಂದು ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದವರು ಭಾರತದ ಪೌರತ್ವವನ್ನು ಕಳೆದುಕೊಳ್ಳುತ್ತಾರೆ. ಎರಡೂ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದು ಅಪರಾಧ. ಪಾಸ್‌ಪೋರ್ಟಿನ ಪ್ರಶ್ನೆಗಳಿಗೆ ನಾನು ಇನ್ನು ಉತ್ತರಿಸುವುದಿಲ್ಲ.

ಬೆಳಗಾವಿಯ ಸದಸ್ಯರು: ಕೇಳುವುದೇ ತಪ್ಪೆಂದರೆ ಈ ಗುಂಪು ಯಾಕಿರಬೇಕು?

ಗುಂಪಿನ ನಿರ್ವಾಹಕರು: ಸದಸ್ಯರು ಸಂಯಮದಿಂದ ಬರೆಯಬೇಕು. ಇನ್ನೊಂದು ಫಾರ್ವರ್ಡ್ ಬಂದರೆ ಅಳಿಸಲಾಗುವುದು.

ಧಾರವಾಡದ ಸದಸ್ಯರು: ಬ್ರೆಜಿಲ್ ಉಚ್ಚಾರಣೆ ಕಲಿಯಬೇಕೇ, ಪೋರ್ಚುಗಲ್ಲಿನದೇ?

ಅಧ್ಯಾಪಕಿ: ಕೆಲಸ ಎಲ್ಲಿಯೋ ಅಲ್ಲಿನದು. ಪತ್ರಾಗಾರಕ್ಕೆ ಯಾವುದಾದರೂ ಸರಿ.

ತುಮಕೂರಿನ ಸದಸ್ಯರು: ವಿದ್ಯಾರ್ಥಿವೇತನಗಳಿವೆಯೇ? ಉದ್ಯೋಗದ ಭರವಸೆ ಎಷ್ಟು?

ಸಾಗರದ ವಿದ್ಯಾರ್ಥಿ: ತುಂಬಾ ಧನ್ಯವಾದಗಳು ಮೇಡಂ. ಹಳೆಯ ಕೈಬರಹದ ಫೋಟೊ ಕೊಟ್ಟರೆ ಓದಿಕೊಡುವ ತಂತ್ರಾಂಶಗಳು ಬಂದಿವೆ, ಹಾಗಾಗಿ ಲಿಪಿ ಕಲಿಯುವ ಅಗತ್ಯವೇ ಇಲ್ಲ ಎಂದು ಗೆಳೆಯರು ಹೇಳುತ್ತಾರೆ.

ಅಧ್ಯಾಪಕಿ: ಅಂಥ ತಂತ್ರಾಂಶಗಳಿವೆ, ನಾನೂ ಬಳಸುತ್ತೇನೆ. ಅವು ಉದ್ದನೆಯ ಸಾಲುಗಳನ್ನು ಬೇಗ ಅಕ್ಷರಕ್ಕಿಳಿಸುತ್ತವೆ. ಎಡವುವುದು ಊರಿನ ಹೆಸರು, ನಾಯಕನ ಹೆಸರು, ಅಕ್ಕಿಯ ಅಂಕಿ, ಇಂಥ ಕಡೆಗಳಲ್ಲೇ. ನಿಮ್ಮ ಸಂಶೋಧನೆ ಪೂರ್ತಿಯಾಗಿ ನಿಂತಿರುವುದು ಆ ಮೂರರ ಮೇಲೆ. ಯಂತ್ರ ಕೊಟ್ಟ ಓದನ್ನು ಮೂಲದ ಪಕ್ಕದಲ್ಲಿಟ್ಟು ತಿದ್ದಬಲ್ಲವರಾದ ಮೇಲೆ ಧಾರಾಳವಾಗಿ ಬಳಸಿ. ಅಲ್ಲಿಯವರೆಗೆ ಅಚ್ಚಾದ ಒಂದು ಪತ್ರವನ್ನೂ ಅದರ ಮೂಲದ ಚಿತ್ರವನ್ನೂ ಎದುರಿಗಿಟ್ಟುಕೊಂಡು ದಿನಕ್ಕೆ ಕೆಲವೇ ಸಾಲು ಓದಿ. ಎಂ.ಎ. ಪ್ರವೇಶದ ಅರ್ಹತೆ ಮತ್ತು ದಿನಾಂಕಗಳನ್ನು ವಿಶ್ವವಿದ್ಯಾಲಯದ ಈ ವರ್ಷದ ಪ್ರಕಟಣೆಯಲ್ಲೇ ನೋಡಿಕೊಳ್ಳಿ, ಗುಂಪುಗಳಲ್ಲಿ ಬಂದದ್ದನ್ನು ನಂಬಬೇಡಿ.