ಸಹಾಯ ಬೇಕು: ನಮ್ಮ ಜಾಗದ ಹಕ್ಕು ಎಷ್ಟು ಆಳ, ಎಷ್ಟು ಎತ್ತರ?

ಪಕ್ಕದ ಜಾಗದವರು ನೆಲಮಾಳಿಗೆಗೆ ಅಗೆಯುತ್ತಿದ್ದಾರೆ. ಮಣ್ಣು ಕುಸಿಯಬಾರದು ಅಂತ ಉದ್ದನೆಯ ಕಬ್ಬಿಣದ ಸರಳುಗಳನ್ನು ಓರೆಯಾಗಿ ನಮ್ಮ ಮನೆಯಡಿಗೇ ಕೊರೆದು ತೂರಿಸಿದ್ದಾರೆ. ಕೊರೆಯುವಾಗ ಅಡುಗೆಮನೆಯ ಪಾತ್ರೆಗಳು ನಡುಗುತ್ತಿದ್ದವು. ಕ್ರೇನಿನ ತೋಳು ದಿನವೂ ನಮ್ಮ ಚಾವಣಿ ಮೇಲೆಯೇ ತಿರುಗುತ್ತದೆ.

ಎರಡು ಸಲ ಹೋಗಿ ಮಾತಾಡಿದೆ, ಪತ್ರವನ್ನೂ ಕೊಟ್ಟೆ. "ನೆಲದ ಕೆಳಗೆ ತಾನೇ, ನಿಮಗೇನು ತೊಂದರೆ?" ಅಂತಾರೆ. ಮನೆಪತ್ರದಲ್ಲಿ ಉದ್ದ, ಅಗಲ ಮಾತ್ರ ಇದೆ.

ಓದಿದಷ್ಟೂ ಗೊಂದಲ ಜಾಸ್ತಿ. 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಆಕಾಶದವರೆಗೂ ಹಕ್ಕು ಅನ್ನೋ ಹಳೇ ಮಾತು ಈಗ ನಡೆಯಲ್ಲ ಅಂದಿತು. 2010ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, 800 ಅಡಿಗಿಂತ ಆಳದ ಎಣ್ಣೆ ಪೈಪನ್ನೂ ಅತಿಕ್ರಮಣ ಅಂದಿತು. ಹಾಗಾದ್ರೆ ಆಳಕ್ಕೊಂದು ನ್ಯಾಯ, ಎತ್ತರಕ್ಕೊಂದು ನ್ಯಾಯನಾ?

ಇಂಥದ್ದನ್ನು ಎದುರಿಸಿದವರು ದಯವಿಟ್ಟು ಹೇಳಿ: ಮನೆಗೆ ಹಾನಿ ಆಗದಿದ್ರೂ, ಬರೀ ಒಪ್ಪಿಗೆ ಕೇಳಲಿಲ್ಲ ಅಂತ ಸರಳುಗಳನ್ನು ತೆಗೆಸಬಹುದಾ? ಕ್ರೇನನ್ನೂ ತಡೆಯಬಹುದಾ?